ಸಿಗಾರು, ಮಹಾಪುರುಷರು ಮತ್ತು ಕಟ್ಟುಕತೆಗಳ ಚರಿತ್ರೆ

ಸಿಗಾರು ಎಂದರೆ, ಒಣಗಿಸಿ ಹುದುಗಿಸಿದ ಹೊಗೆಸೊಪ್ಪನ್ನು ಹೊಗೆಸೊಪ್ಪಿನ ಎಲೆಯಲ್ಲಿಯೇ ಸುತ್ತಿದ ಸುರುಳಿ. ಒಳಗೆ ತುಂಬುವ ಎಲೆಗಳು, ಅವನ್ನು ಬಿಗಿಯಾಗಿ ಹಿಡಿದಿಡುವ ಕಟ್ಟಿನ ಎಲೆ, ಎಲ್ಲಕ್ಕೂ ಮೇಲೆ ನುಣುಪಾದ ಹೊದಿಕೆಯ ಎಲೆ ಎಂಬ ಮೂರು ಪದರಗಳು ಅದಕ್ಕಿರುತ್ತವೆ. ಎಲೆಯನ್ನು ಸುತ್ತಲು ಕಾಗದ ಬಳಸದಿರುವುದೇ ಸಿಗರೇಟಿಗೂ ಅದಕ್ಕೂ ಇರುವ ಮುಖ್ಯ ವ್ಯತ್ಯಾಸ. ತಿರುಚಿರಾಪಳ್ಳಿ, ದಿಂಡಿಗಲ್ ಕಡೆಯ ಚುಟ್ಟಾ ಇದೇ ಕುಲಕ್ಕೆ ಸೇರಿದ್ದು. ದೊಡ್ಡ ಗಾತ್ರದ ಸಿಗಾರು ಉರಿದು ಮುಗಿಯಲು ಒಂದು ಗಂಟೆಗೂ ಮಿಕ್ಕಿ ಸಮಯ ಹಿಡಿಯುತ್ತದೆ. ಅಷ್ಟು ಹೊತ್ತು ಸೇದುವವನ ಕೈಯಲ್ಲೋ ಬಾಯಲ್ಲೋ ಉಳಿಯುವ ಈ ವಸ್ತು ಛಾಯಾಚಿತ್ರಕಾರರಿಗೂ ವ್ಯಂಗ್ಯಚಿತ್ರಕಾರರಿಗೂ ವ್ಯಕ್ತಿಯನ್ನು ಗುರುತಿಸಿ ತೋರಿಸುವ ಸುಲಭದ ಕುರುಹಾಯಿತು. ಹೀಗೆ ಕುರುಹಾಗಿ ನೆಲೆಗೊಂಡದ್ದರಿಂದಲೇ ರಾಜರು, ಸೇನಾಪತಿಗಳು, ಲೇಖಕರು ಮತ್ತು ರಾಜಕಾರಣಿಗಳ ಹೆಸರಿನಲ್ಲಿ ಅದರ ಸುತ್ತ ನಗೆಕತೆಗಳ ದೊಡ್ಡ ರಾಶಿಯೇ ಬೆಳೆಯಿತು. ಈ ಕತೆಗಳಲ್ಲಿ ಕೆಲವು ಪೂರ್ಣ ಸುಳ್ಳು, ಕೆಲವು ಅರೆಸತ್ಯ, ಇನ್ನು ಕೆಲವು ನಂಬಲು ಕಷ್ಟವಾದರೂ ದಾಖಲೆಯುಳ್ಳವು. ಇವನ್ನು ಬೇರ್ಪಡಿಸಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಹುಸಿ ಇತಿಹಾಸಕ್ಕೂ ಅದರದೇ ಆದ ಇತಿಹಾಸವಿದೆ, ಮತ್ತು ಅದು ಕತೆಯ ನಾಯಕನ ಕಾಲಕ್ಕಿಂತ ಕತೆಯನ್ನು ಹೇಳಿದವರ ಕಾಲವನ್ನೇ ಹೆಚ್ಚಾಗಿ ತಿಳಿಸುತ್ತದೆ.

ಈ ಪರಂಪರೆಯ ಮೊದಲ ಕತೆ ಯುರೋಪಿಯನ್ನರು ಹೊಗೆಸೊಪ್ಪನ್ನು ಕಂಡ ಮೊದಲ ಗಳಿಗೆಗೇ ಅಂಟಿಕೊಂಡಿದೆ. ಕ್ಯೂಬಾವನ್ನು ಏಷ್ಯಾದ ಭಾಗವೆಂದು ತಿಳಿದಿದ್ದ ಕೊಲಂಬಸ್, ಚೀನಾದ ಮಹಾಖಾನನ ಆಸ್ಥಾನವನ್ನು ಹುಡುಕಲೆಂದು 1492ರ ನವೆಂಬರ್ 2ರಂದು ರೊಡ್ರಿಗೊ ದೆ ಹೆರೆಸ್ ಮತ್ತು ಲೂಯಿಸ್ ದೆ ಟೊರೆಸ್ ಎಂಬಿಬ್ಬರನ್ನು ಒಳನಾಡಿಗೆ ಕಳುಹಿಸಿದನು. ಆಸ್ಥಾನ ಸಿಗಲಿಲ್ಲ, ಕೈಯಲ್ಲಿ ಕೊಳ್ಳಿಯನ್ನೂ ಕೆಲವು ಎಲೆಗಳನ್ನೂ ಹಿಡಿದು ಹೊಗೆ ಸೇದುತ್ತ ಊರಿಂದೂರಿಗೆ ನಡೆಯುವ ಗಂಡಸರು ಹೆಂಗಸರು ಸಿಕ್ಕರು. ಕೊಲಂಬಸನ ದಿನಚರಿಯ ಸಾರಾಂಶವನ್ನು ಉಳಿಸಿಕೊಟ್ಟ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್, ಒಣ ಎಲೆಯೊಂದರಲ್ಲಿ ಒಣ ಎಲೆಗಳನ್ನೇ ಸುತ್ತಿ ಒಂದು ತುದಿಗೆ ಕಿಚ್ಚು ಹಚ್ಚಿ ಇನ್ನೊಂದು ತುದಿಯಿಂದ ಸೇದುವ ಈ ಸುರುಳಿಯನ್ನು, ಸ್ಪೇನಿನ ಹುಡುಗರು ಹಬ್ಬದಲ್ಲಿ ಮಾಡುವ ಕಾಗದದ ಕೋವಿಗೆ ಹೋಲಿಸಿ ವಿವರಿಸಿದ್ದಾನೆ. ಇಷ್ಟು ದಾಖಲೆ. ಮುಂದಿನದು ಕತೆ: ಹೆರೆಸ್ ತನ್ನ ಊರಾದ ಆಯಾಮೋಂಟೆಗೆ ಮರಳಿ ಬೀದಿಯಲ್ಲಿ ಹೊಗೆ ಬಿಟ್ಟಾಗ ಅವನಿಗೆ ಭೂತ ಹಿಡಿದಿದೆಯೆಂದು ನೆರೆಯವರು ಬೆದರಿ ದೂರಿತ್ತರು; ಧರ್ಮಭ್ರಷ್ಟರನ್ನು ವಿಚಾರಿಸುವ ಚರ್ಚಿನ ನ್ಯಾಯಪೀಠವು ಅವನನ್ನು ಏಳು ವರ್ಷ ಸೆರೆಯಲ್ಲಿಟ್ಟಿತು; ಬಿಡುಗಡೆಯಾಗಿ ಹೊರಬಂದಾಗ ಊರಿನವರೆಲ್ಲ ಸೇದುತ್ತಿರುವುದನ್ನು ಅವನು ಕಂಡನು. ಕತೆಯ ಕೊನೆ ಬಹಳ ಸೊಗಸಾಗಿರುವುದೇ ಅದನ್ನು ಶಂಕಿಸಲು ಮೊದಲ ಕಾರಣ; ಕಾಲಗಣನೆ ಎರಡನೆಯ ಕಾರಣ. ಹೊಗೆಸೊಪ್ಪು ಸ್ಪೇನಿನಲ್ಲಿ ಜನಸಾಮಾನ್ಯರ ಅಭ್ಯಾಸವಾಗಲು ಹಲವು ದಶಕಗಳೇ ಹಿಡಿದವು. ಆದ್ದರಿಂದ 16ನೆಯ ಶತಮಾನದ ಹೊಸ್ತಿಲಿನಲ್ಲಿ ಒಂದು ಇಡೀ ಊರು ಸೇದುತ್ತಿತ್ತೆಂಬ ಚಿತ್ರವು ಹಿಂದಿನ ಕಾಲದ ಮೇಲೆ ಮುಂದಿನ ಕಾಲವನ್ನು ಹೊದಿಸಿದ ಚಿತ್ರವಾಗುತ್ತದೆ.

ಇಂಗ್ಲೆಂಡಿನಲ್ಲಿ ಇದಕ್ಕೆ ಜೋಡಿಯಾಗಿ ನಿಲ್ಲುವುದು ಸರ್ ವಾಲ್ಟರ್ ರ‍್ಯಾಲಿಯ ಕತೆ. ಒಡೆಯನ ಬಾಯಿಂದ ಹೊಗೆ ಏಳುತ್ತಿರುವುದನ್ನು ಕಂಡ ಸೇವಕನು ಅವನಿಗೆ ಬೆಂಕಿ ಹತ್ತಿತೆಂದು ಗಾಬರಿಯಾಗಿ ಕೈಯಲ್ಲಿದ್ದ ಪಾನೀಯವನ್ನು ತಲೆಯ ಮೇಲೆ ಸುರಿದನೆಂದು ಅದು ಹೇಳುತ್ತದೆ. ಅಲ್ಲಿ ಇದ್ದದ್ದು ಸಿಗಾರಲ್ಲ, ಚಿಲುಮೆ. ಆದರೂ ನಂತರದ ಸಿಗಾರು ಕತೆಗಳ ಬೆಳವಣಿಗೆಯನ್ನು ಅರಿಯಲು ಇದು ಒಳ್ಳೆಯ ಮಾದರಿ. ಇದೇ ಪ್ರಸಂಗವನ್ನು ಎಲಿಜಬೆತ್ ರಾಣಿಯ ಕಾಲದ ಹೆಸರಾಂತ ವಿದೂಷಕ, 1588ರಲ್ಲಿ ತೀರಿಕೊಂಡ ರಿಚರ್ಡ್ ಟಾರ್ಲ್‌ಟನ್ನನ ಹೆಸರಿನಲ್ಲಿ 17ನೆಯ ಶತಮಾನದ ಆರಂಭದ ಹಾಸ್ಯಸಂಕಲನವೊಂದು ಮೊದಲೇ ಹೇಳಿತ್ತು. ವಿದೂಷಕನ ಹೆಸರು ಜನರ ನೆನಪಿನಿಂದ ಮಾಸಿದಂತೆ ಕತೆಯು ಹೆಚ್ಚು ಪ್ರಸಿದ್ಧನಾದ ರ‍್ಯಾಲಿಗೆ ವರ್ಗಾವಣೆಯಾಯಿತು. ಹೀಗೆ ಕಡಿಮೆ ಪ್ರಸಿದ್ಧನಿಂದ ಹೆಚ್ಚು ಪ್ರಸಿದ್ಧನ ಕಡೆಗೆ ಹರಿಯುವ ಪ್ರಸಂಗವನ್ನು ಅಲೆಮಾರಿ ಕತೆಯೆಂದು ಕರೆಯಬಹುದು. ಸಿಗಾರಿನ ಹುಸಿ ಇತಿಹಾಸದಲ್ಲಿ ಇಂಥವುಗಳದೇ ದೊಡ್ಡ ಪಾಲು.

ಎರಡನೆಯ ಬಗೆ, ವಸ್ತುವೊಂದರ ಹುಟ್ಟನ್ನು ವಿವರಿಸಲು ಕಟ್ಟಿದ ಕತೆ. ಸಿಗಾರಿನ ತಲೆಯ ಬಳಿ ಸುತ್ತಿರುವ ಬಣ್ಣದ ಕಾಗದದ ಪಟ್ಟಿಯನ್ನು ಕುರಿತು ಹಬ್ಬಿರುವ ಕತೆ ಇದಕ್ಕೆ ತಕ್ಕ ಉದಾಹರಣೆ. ರಷ್ಯಾದ ಮಹಾರಾಣಿ ಎರಡನೆಯ ಕ್ಯಾಥರೀನಳು ಸಿಗಾರು ಸೇದುತ್ತಿದ್ದಳೆಂದೂ, ಬೆರಳಿಗೆ ಕಲೆಯಾಗದಿರಲೆಂದು ತನ್ನ ಸಿಗಾರುಗಳಿಗೆ ರೇಷ್ಮೆಯ ಪಟ್ಟಿ ಸುತ್ತಿಸುತ್ತಿದ್ದಳೆಂದೂ, ಆಸ್ಥಾನಿಕರು ಅದನ್ನು ಅನುಕರಿಸಿದ್ದರಿಂದ ಪಟ್ಟಿ ರೂಢಿಗೆ ಬಂದಿತೆಂದೂ ಹೇಳಲಾಗುತ್ತದೆ. ಕ್ಯಾಥರೀನ್ ತೀರಿಕೊಂಡದ್ದು 1796ರಲ್ಲಿ. ಕಾಗದದ ಪಟ್ಟಿ ಹವಾನಾದಲ್ಲಿ ಬಳಕೆಗೆ ಬಂದದ್ದು 19ನೆಯ ಶತಮಾನದಲ್ಲಿ. ಅಲ್ಲಿಯ ತಯಾರಕ ಗುಸ್ತಾವ್ ಬಾಕ್ ಎಂಬ ಯುರೋಪಿಯನ್ ವಲಸಿಗನ ಹೆಸರಿಗೆ ಅದರ ಆರಂಭವನ್ನು ಸಾಮಾನ್ಯವಾಗಿ ಸಲ್ಲಿಸಲಾಗುತ್ತದೆ. ಹವಾನಾದ ಹೆಸರಿನಲ್ಲಿ ಕಳಪೆ ಸರಕು ಮಾರುಕಟ್ಟೆಗೆ ನುಗ್ಗುತ್ತಿದ್ದ ಕಾಲದಲ್ಲಿ ತನ್ನ ಸರಕನ್ನು ಗುರುತಿಸಿಕೊಡುವ ಅಗತ್ಯ ಆ ವ್ಯಾಪಾರಿಗಿತ್ತು. ನಕಲಿಯ ಭಯದಿಂದ ಹುಟ್ಟಿದ ಮುದ್ರೆಯೊಂದು ಮಹಾರಾಣಿಯ ಬೆರಳಿನ ಕತೆಯಾಗಿ ಮಾರ್ಪಟ್ಟಾಗ ವ್ಯಾಪಾರದ ನಿಜವಾದ ಸ್ಪರ್ಧೆ ಮರೆಯಾಗಿ, ಸರಕಿಗೆ ರಾಜವೈಭವದ ಹೊಳಪು ಬಂದಿತು.

ಮೂರನೆಯ ಬಗೆಯವು ಇನ್ನಷ್ಟು ಸೂಕ್ಷ್ಮವಾದವು, ಏಕೆಂದರೆ ಅವನ್ನು ಹೇಳಿದವರು ಮಹಾಪುರುಷರೇ. ಪ್ರಷ್ಯಾದಲ್ಲಿ ಬೀದಿಯಲ್ಲಿ ಸೇದುವುದು ನಿಷಿದ್ಧವಾಗಿತ್ತು. 1848ರ ಮಾರ್ಚ್ ಕ್ರಾಂತಿಯಲ್ಲಿ ಬರ್ಲಿನ್ನಿನ ಜನರು ಸಾಧಿಸಿಕೊಂಡ ಸ್ವಾತಂತ್ರ್ಯಗಳ ಸಾಲಿನಲ್ಲಿ ಈ ನಿಷೇಧದ ತೆರವೂ ಸೇರಿತ್ತು. ಸಿಗಾರಿಗೆ ಹೀಗೆ ರಾಜಕೀಯ ಅರ್ಥ ಅಂಟಿದ್ದ ಕಾಲದಲ್ಲಿ, 1851ರಲ್ಲಿ, ಆಟೊ ಫಾನ್ ಬಿಸ್ಮಾರ್ಕ್ ಪ್ರಷ್ಯಾದ ಪ್ರತಿನಿಧಿಯಾಗಿ ಫ್ರಾಂಕ್‌ಫರ್ಟಿನ ಜರ್ಮನ್ ಒಕ್ಕೂಟ ಸಭೆಗೆ ಹೋದನು. ಸಭೆಗಳಲ್ಲಿ ಸೇದುವ ಹಕ್ಕು ಅಧ್ಯಕ್ಷಸ್ಥಾನ ವಹಿಸಿದ್ದ ಆಸ್ಟ್ರಿಯಾದ ಪ್ರತಿನಿಧಿಯೊಬ್ಬನಿಗೇ ಮೀಸಲಾಗಿತ್ತೆಂದೂ, ಬಿಸ್ಮಾರ್ಕನು ತನ್ನ ಸಿಗಾರನ್ನು ತೆಗೆದು ಅಧ್ಯಕ್ಷನನ್ನೇ ಬೆಂಕಿ ಕೇಳಿದನೆಂದೂ, ಆಗ ಸಣ್ಣ ರಾಜ್ಯಗಳ ಪ್ರತಿನಿಧಿಗಳು ತಾವೂ ಸೇದಬಹುದೇ ಎಂದು ತಮ್ಮ ಸರಕಾರಗಳಿಗೆ ಪತ್ರ ಬರೆದರೆಂದೂ, ಕೊನೆಗೆ ಸೇದುವ ಅಭ್ಯಾಸವೇ ಇಲ್ಲದ ವುರ್ಟೆಂಬರ್ಗಿನ ಪ್ರತಿನಿಧಿಯು ತನ್ನ ನಾಡಿನ ಮಾನ ಉಳಿಸಲು ಕಷ್ಟಪಟ್ಟು ಒಂದನ್ನು ಸೇದಿದನೆಂದೂ ಬಿಸ್ಮಾರ್ಕ್ ವರ್ಣಿಸಿದ್ದಾನೆ. ಇದನ್ನು ಅವನು ಹೇಳಿದ್ದು 1870ರ ಫ್ರೆಂಚ್ ಯುದ್ಧದ ಶಿಬಿರದಲ್ಲಿ, ತನ್ನ ಊಟದ ಪಂಕ್ತಿಯವರ ಮುಂದೆ; ಬರೆದಿಟ್ಟವನು ಅವನ ಪತ್ರಿಕಾ ಸಹಾಯಕ ಮೊರಿಟ್ಸ್ ಬುಶ್. ಅಷ್ಟು ಹೊತ್ತಿಗೆ, 1866ರ ಯುದ್ಧದಲ್ಲಿ ಸೋತ ಆಸ್ಟ್ರಿಯಾವನ್ನು ಜರ್ಮನಿಯ ವ್ಯವಹಾರದಿಂದ ಹೊರದೂಡಿ ನಾಲ್ಕು ವರ್ಷಗಳಾಗಿದ್ದವು. ಗೆದ್ದವನು ಗೆಲುವಿನ ಬೀಜವನ್ನು ಹಳೆಯ ಸಿಗಾರೊಂದರಲ್ಲಿ ಕಾಣುತ್ತಿರುವುದರಿಂದ, ಪ್ರಸಂಗದ ತಿರುಳು ನಿಜವೆಂದು ಒಪ್ಪಿದರೂ ಅದರ ರೂಪವನ್ನು ತಿದ್ದಿದ ಕೈ ಯಾವುದೆಂಬುದು ಕಾಣಿಸುತ್ತದೆ.

ಅಮೆರಿಕದ ಅಂತರ್ಯುದ್ಧದ ಎರಡು ಪ್ರಸಂಗಗಳು ಇದಕ್ಕೆ ವ್ಯತಿರಿಕ್ತವಾಗಿ ನಿಲ್ಲುತ್ತವೆ. ಅವು ಕಟ್ಟುಕತೆಯಂತೆ ಕೇಳಿಸಿದರೂ ದಾಖಲೆಯ ಬಲವುಳ್ಳವು. 1862ರ ಸೆಪ್ಟೆಂಬರ್ 13ರಂದು ಮೇರಿಲ್ಯಾಂಡಿನ ಫ್ರೆಡೆರಿಕ್ ಪಟ್ಟಣದ ಬಳಿ, ದಕ್ಷಿಣದ ಸೈನ್ಯ ಆಗತಾನೆ ತೆರವು ಮಾಡಿದ್ದ ಬಯಲಿನಲ್ಲಿ, ಉತ್ತರದ 27ನೆಯ ಇಂಡಿಯಾನಾ ದಳದ ಕಾರ್ಪೊರಲ್ ಬಾರ್ಟನ್ ಮಿಚೆಲ್‌ಗೆ ಮೂರು ಸಿಗಾರುಗಳಿಗೆ ಸುತ್ತಿದ್ದ ಕಾಗದವೊಂದು ಹುಲ್ಲಿನಲ್ಲಿ ಸಿಕ್ಕಿತು. ಬಿಚ್ಚಿ ಓದಿದರೆ ಅದು ದಕ್ಷಿಣದ ಸೇನಾಪತಿ ರಾಬರ್ಟ್ ಲೀ ನಾಲ್ಕು ದಿನ ಮುಂಚೆ ಹೊರಡಿಸಿದ್ದ 191ನೆಯ ವಿಶೇಷ ಆದೇಶದ ಪ್ರತಿ. ತನ್ನ ಸೈನ್ಯವನ್ನು ಅವನು ಎಲ್ಲೆಲ್ಲಿಗೆ ಹಂಚಿ ಕಳುಹಿಸಿದ್ದಾನೆಂಬುದು ಅದರಲ್ಲಿತ್ತು. ಅದು ಅಂದೇ ಉತ್ತರದ ಸೇನಾಪತಿ ಮೆಕ್‌ಕ್ಲೆಲನ್ನನ ಕೈಸೇರಿತು. ಸೆಪ್ಟೆಂಬರ್ 17ರಂದು ನಡೆದ ಆಂಟೀಟಮ್ ಕಾಳಗದಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು ಮತ್ತು ಕಾಣೆಯಾದವರು ಸುಮಾರು 23,000 ಮಂದಿ. ಲೀ ಹಿಮ್ಮೆಟ್ಟಿದ ಮೇಲೆ, ಸೆಪ್ಟೆಂಬರ್ 22ರಂದು, ಅಧ್ಯಕ್ಷ ಲಿಂಕನ್ ಗುಲಾಮರ ವಿಮೋಚನೆಯ ಪ್ರಾಥಮಿಕ ಘೋಷಣೆಯನ್ನು ಹೊರಡಿಸಿದನು. ಮೂರು ಸಿಗಾರುಗಳು ಇತಿಹಾಸವನ್ನೇ ತಿರುಗಿಸಿದವೆಂದು ಹೇಳುವುದು ಅತಿಶಯೋಕ್ತಿ, ಏಕೆಂದರೆ ಘೋಷಣೆಯ ನಿರ್ಧಾರವನ್ನು ಲಿಂಕನ್ ಬೇಸಿಗೆಯಲ್ಲಿಯೇ ಮಾಡಿ ಒಂದು ಗೆಲುವಿಗಾಗಿ ಕಾಯುತ್ತಿದ್ದನು. ಆದರೆ ಆ ಕಾಗದ ಸಿಕ್ಕಿದ್ದೂ ಸಿಗಾರಿಗೆ ಸುತ್ತಿದ್ದುದೂ ನಿಜ.

ಅದೇ ವರ್ಷದ ಫೆಬ್ರವರಿಯಲ್ಲಿ ಡೊನೆಲ್ಸನ್ ಕೋಟೆಯ ಗೆಲುವಿನ ವರದಿಗಳು ಉತ್ತರದ ಸೇನಾಪತಿ ಯುಲಿಸಿಸ್ ಗ್ರಾಂಟ್ ರಣರಂಗದಲ್ಲಿ ಕೈಯಲ್ಲಿ ಸಿಗಾರು ಹಿಡಿದಿದ್ದನೆಂದು ಬರೆದವು. ನೌಕಾಪಡೆಯ ಅಧಿಕಾರಿ ಕೊಟ್ಟದ್ದೊಂದು ಆಕಸ್ಮಿಕವಾಗಿ ಕೈಯಲ್ಲಿ ಉಳಿದಿತ್ತೆಂದೂ, ಪತ್ರಿಕೆಯ ವರದಿ ಓದಿದ ಜನರು ನಾಡಿನ ಎಲ್ಲೆಡೆಯಿಂದ ಪೆಟ್ಟಿಗೆಗಟ್ಟಲೆ ಕಳುಹಿಸಿದ್ದರಿಂದ ಹತ್ತು ಸಾವಿರದಷ್ಟು ಸಿಗಾರುಗಳು ಕೂಡಿಬಿದ್ದವೆಂದೂ, ಹಂಚಿ ಮುಗಿಸಲಾಗದೆ ತಾನೇ ಹೆಚ್ಚು ಸೇದತೊಡಗಿದೆನೆಂದೂ ಗ್ರಾಂಟ್ ಹೇಳಿದ್ದನ್ನು ಅವನ ಸಹಾಯಕಾಧಿಕಾರಿ ಹೊರೇಸ್ ಪೋರ್ಟರ್ ದಾಖಲಿಸಿದ್ದಾನೆ. ಇಲ್ಲಿ ಕಾರಣ ಮತ್ತು ಪರಿಣಾಮಗಳ ದಿಕ್ಕೇ ತಿರುಗಿದೆ: ವ್ಯಕ್ತಿಯ ಅಭ್ಯಾಸದಿಂದ ಕತೆ ಹುಟ್ಟದೆ, ಪತ್ರಿಕೆಯ ಕತೆಯಿಂದ ವ್ಯಕ್ತಿಯ ಅಭ್ಯಾಸ ಬೆಳೆಯಿತು. ಗಂಟಲಿನ ಕ್ಯಾನ್ಸರಿನಿಂದ ನರಳುತ್ತಲೇ ತನ್ನ ಆತ್ಮಕಥೆಯನ್ನು ಬರೆದು ಮುಗಿಸಿದ ಗ್ರಾಂಟ್, ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು ತೀರಿಕೊಂಡನು.

ಆ ಆತ್ಮಕಥೆಯನ್ನು ಪ್ರಕಟಿಸಿದ್ದು ಮಾರ್ಕ್ ಟ್ವೇನನ ಸಂಸ್ಥೆ. ಟ್ವೇನನೂ ಸಿಗಾರಿನ ಮಹಾವ್ಯಸನಿಯಾಗಿದ್ದುದರಿಂದ, ಸೇದುವುದನ್ನು ಬಿಡುವುದು ಬಹಳ ಸುಲಭ, ತಾನು ಸಾವಿರ ಸಲ ಬಿಟ್ಟಿದ್ದೇನೆ ಎಂಬ ಮಾತು ಅವನದೆಂದು ಎಲ್ಲೆಡೆ ಪ್ರಚಾರದಲ್ಲಿದೆ. ಅವನ ಬರಹಗಳಲ್ಲಿ ಆ ಮಾತು ಸಿಗುವುದಿಲ್ಲ. ಒಮ್ಮೆಗೆ ಒಂದಕ್ಕಿಂತ ಹೆಚ್ಚು ಸಿಗಾರು ಸೇದದಿರುವುದೇ ತನ್ನ ಮಿತಿಯೆಂದು 1905ರಲ್ಲಿ, ತನ್ನ ಎಪ್ಪತ್ತನೆಯ ಹುಟ್ಟುಹಬ್ಬದ ಭಾಷಣದಲ್ಲಿ, ಅವನು ಹೇಳಿದ್ದು ಮಾತ್ರ ಸಿಗುತ್ತದೆ. ಸಿಗ್ಮಂಡ್ ಫ್ರಾಯ್ಡನ ವಿಷಯದಲ್ಲಿಯೂ ಹೀಗೆಯೇ. ಮನುಷ್ಯನ ಒಳಮನಸ್ಸಿನ ಬಯಕೆಗಳು ವಸ್ತುಗಳ ವೇಷದಲ್ಲಿ ಕಾಣಿಸಿಕೊಳ್ಳುತ್ತವೆಂದು ಸಾರಿದ ಈ ಮನೋವಿಶ್ಲೇಷಕನು, ಕೆಲವೊಮ್ಮೆ ಸಿಗಾರು ಬರಿಯ ಸಿಗಾರಷ್ಟೇ ಎಂದು ತನ್ನ ಸಿದ್ಧಾಂತಕ್ಕೆ ತಾನೇ ವಿನಾಯಿತಿ ಕೊಟ್ಟನೆಂಬ ಮಾತು ಅವನ ಗ್ರಂಥಗಳಲ್ಲಾಗಲಿ ಪತ್ರಗಳಲ್ಲಾಗಲಿ ಇಲ್ಲ. ಮುದ್ರಣದಲ್ಲಿ ಅದು ತಲೆದೋರುವುದು 1950ರ ಸುಮಾರಿಗೆ, ಅಂದರೆ ಅವನು ತೀರಿಕೊಂಡು ಒಂದು ದಶಕವಾದ ಮೇಲೆ. ಮನೋವಿಶ್ಲೇಷಣೆ ಅಮೆರಿಕದಲ್ಲಿ ಜನಪ್ರಿಯವಾಗಿದ್ದ ಆ ಕಾಲದಲ್ಲಿ, ಎಲ್ಲದರಲ್ಲಿಯೂ ಸಂಕೇತ ಹುಡುಕುವ ಪದ್ಧತಿಯಿಂದ ದಣಿದವರಿಗೆ ಗುರುವಿನ ಬಾಯಿಂದಲೇ ಒಂದು ಬಿಡುಗಡೆಯ ಮಾತು ಬೇಕಾಗಿತ್ತು. ಫ್ರಾಯ್ಡನ ನಿಜವಾದ ಸಿಗಾರು ಚರಿತ್ರೆಯಲ್ಲಿ ನಗುವಿಗೆ ಎಡೆಯಿಲ್ಲ. ದಿನಕ್ಕೆ ಇಪ್ಪತ್ತರಷ್ಟು ಸೇದುತ್ತಿದ್ದ ಅವನ ಬಾಯಲ್ಲಿ 1923ರಲ್ಲಿ ಕ್ಯಾನ್ಸರ್ ಕಾಣಿಸಿತು. ಮೇಲ್ದವಡೆಯ ಭಾಗವನ್ನು ತೆಗೆದು ಕೃತಕ ಅಂಗುಳನ್ನು ಜೋಡಿಸಿದರು. 1939ರ ಸೆಪ್ಟೆಂಬರ್ 23ರಂದು ಸಾಯುವವರೆಗೆ ಅವನು ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಅನುಭವಿಸಿದನು, ಸಿಗಾರನ್ನು ಮಾತ್ರ ಬಿಡಲಾಗಲಿಲ್ಲ.

ಸಿಗಾರಿನೊಂದಿಗೆ ಯಾರ ಹೆಸರನ್ನಾದರೂ ಬೇರ್ಪಡಿಸಲಾಗದಂತೆ ಬೆಸೆದಿದ್ದರೆ ಅದು ವಿನ್‌ಸ್ಟನ್ ಚರ್ಚಿಲ್ಲನದು. 1895ರ ನವೆಂಬರಿನಲ್ಲಿ ಕ್ಯೂಬಾಕ್ಕೆ ಹೋಗಿ, ಅಲ್ಲಿಯ ದಂಗೆಯನ್ನು ಅಡಗಿಸುತ್ತಿದ್ದ ಸ್ಪೇನಿನ ಸೈನ್ಯದ ಜೊತೆಗಿದ್ದಾಗಲೇ ಅವನು ಇಪ್ಪತ್ತೊಂದು ವರ್ಷ ಪೂರೈಸಿದನು. ಮರುವರ್ಷ ನಾಲ್ಕನೆಯ ಹುಸಾರ್ ಅಶ್ವದಳದೊಂದಿಗೆ ಬೆಂಗಳೂರಿನ ದಂಡುಪ್ರದೇಶಕ್ಕೆ ಬಂದ ಈ ಯುವ ಅಧಿಕಾರಿ ಇಲ್ಲಿ ಪೋಲೊ ಆಡಿ, ಗುಲಾಬಿ ಬೆಳೆಸಿ, ಗಿಬ್ಬನ್ ಮತ್ತು ಮೆಕಾಲೆಯವರ ಇತಿಹಾಸ ಗ್ರಂಥಗಳನ್ನು ಓದಿ ಮುಗಿಸಿದನು. ಇಂದು ಬೆಂಗಳೂರು ಕ್ಲಬ್ ಎಂದು ಹೆಸರಾಗಿರುವ ಅಂದಿನ ಸೇನಾಧಿಕಾರಿಗಳ ಕ್ಲಬ್ಬಿನ 1899ರ ನಡಾವಳಿ ಪುಸ್ತಕದಲ್ಲಿ, ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ 13 ರೂಪಾಯಿ ನಮೂದಾಗಿದೆ. ಆ ಬಾಕಿ ವಿಸ್ಕಿಯದೆಂದು ಒಂದಕ್ಕೆರಡು ಸೇರಿಸಿ ಹೇಳುವುದು ರೂಢಿಯಾಗಿದ್ದರೂ ನಡಾವಳಿಯ ಸಾಲು ಸಾಕ್ಷ್ಯ ನುಡಿಯುವುದು ಹೆಸರಿಗೆ ಮತ್ತು ಮೊತ್ತಕ್ಕೆ ಮಾತ್ರ. ದಾಖಲೆಗೂ ಕತೆಗೂ ನಡುವಿನ ಗೆರೆ ಎಷ್ಟು ಸಣ್ಣದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಇರುವ ನಿದರ್ಶನವಿದು.

ಚರ್ಚಿಲ್ಲನ ಅತಿ ಪ್ರಸಿದ್ಧ ಭಾವಚಿತ್ರದಲ್ಲಿ ಸಿಗಾರು ಇಲ್ಲ. 1941ರ ಡಿಸೆಂಬರ್ 30ರಂದು ಕೆನಡಾದ ಸಂಸತ್ತಿನಲ್ಲಿ ಭಾಷಣ ಮುಗಿಸಿ ಬಂದ ಅವನ ಬಾಯಿಂದ ಛಾಯಾಚಿತ್ರಕಾರ ಯೂಸುಫ್ ಕಾರ್ಷ್ ಕ್ಷಮೆ ಕೇಳಿ ಸಿಗಾರನ್ನು ಕಿತ್ತು ತೆಗೆದನು; ಆ ಕ್ಷಣದ ಸಿಡುಕು ಮುಖವನ್ನು ಜಗತ್ತು ಹಿಟ್ಲರನ ಎದುರು ನಿಂತ ಬ್ರಿಟನ್ನಿನ ಛಲವೆಂದು ಓದಿಕೊಂಡಿತು. ಇದನ್ನು ಕಾರ್ಷ್ ಸ್ವತಃ ಹೇಳಿದ್ದಾನೆ, ಚಿತ್ರವೂ ಕಣ್ಣೆದುರಿಗಿದೆ. ಇದಕ್ಕೆ ಹೋಲಿಸಿದರೆ, ಎದುರಾಳಿಯ ಭಾಷಣದ ವೇಳೆ ಸಿಗಾರಿನೊಳಗೆ ತಂತಿ ತೂರಿಸಿಟ್ಟು, ಬೂದಿ ಬೀಳದೆ ಉದ್ದವಾಗುತ್ತ ಹೋಗುವುದನ್ನೇ ಎಲ್ಲರೂ ನೋಡುವಂತೆ ಮಾಡಿದನೆಂಬ ಕತೆಯ ನೆಲೆ ಬೇರೆ. ಅದೇ ಕತೆ ಅಮೆರಿಕದ ವಕೀಲ ಕ್ಲಾರೆನ್ಸ್ ಡ್ಯಾರೋ ತೀರ್ಪುಗಾರರ ಗಮನ ಬೇರೆಡೆ ಸೆಳೆದನೆಂದು ನ್ಯಾಯಾಲಯದ ಹಿನ್ನೆಲೆಯಲ್ಲಿ ಪ್ರಚಲಿತವಾಗಿದೆ. ವಿದೂಷಕನಿಂದ ರ‍್ಯಾಲಿಗೆ ದಾಟಿದ ಕತೆಯ ಹಾಗೆ ಇದೂ ನಾಯಕನನ್ನು ಬದಲಿಸುತ್ತ ಅಲೆಯುವ ಕತೆ.

ಶೀತಲಸಮರದ ಕಾಲಕ್ಕೆ ಬಂದಾಗ ಕತೆ ಮತ್ತು ಕಡತ ಒಂದನ್ನೊಂದು ಮೀರಿಸಲು ಸ್ಪರ್ಧಿಸುತ್ತವೆ. ಕ್ಯೂಬಾದೊಂದಿಗಿನ ವ್ಯಾಪಾರವನ್ನೆಲ್ಲ ನಿಷೇಧಿಸುವ ಆದೇಶಕ್ಕೆ ಅಧ್ಯಕ್ಷ ಕೆನಡಿ 1962ರ ಫೆಬ್ರವರಿಯಲ್ಲಿ ಸಹಿ ಹಾಕಿದನು. ಸಹಿಗೆ ಮೊದಲು ತನ್ನ ಪತ್ರಿಕಾ ಕಾರ್ಯದರ್ಶಿ ಪಿಯರ್ ಸ್ಯಾಲಿಂಜರನಿಗೆ ಸಾವಿರ ಸಿಗಾರು ತರಲು ಹೇಳಿದನೆಂದೂ, ಅವನು 1,200 ತಂದಿದ್ದಾನೆಂದು ಖಚಿತವಾದ ಮೇಲೆಯೇ ಸಹಿ ಮಾಡಿದನೆಂದೂ ಇರುವ ಪ್ರಸಂಗಕ್ಕೆ ಆಧಾರ ಸ್ಯಾಲಿಂಜರನೊಬ್ಬನ ಮಾತು. ಅದು ಅಚ್ಚಾದದ್ದು ಮೂವತ್ತು ವರ್ಷಗಳ ನಂತರ, 1992ರಲ್ಲಿ ಆರಂಭವಾದ ಸಿಗಾರುಪ್ರಿಯರ ಪತ್ರಿಕೆಯೊಂದರಲ್ಲಿ. ಕೆನಡಿಯ ಸಿಗಾರು ಪೆಟ್ಟಿಗೆಯೊಂದು 1996ರ ಹರಾಜಿನಲ್ಲಿ 5,74,500 ಡಾಲರಿಗೆ ಅದೇ ಪತ್ರಿಕೆಯ ಪ್ರಕಾಶಕನಿಗೆ ಮಾರಾಟವಾಯಿತೆಂಬುದನ್ನು ನೆನೆದರೆ, ಇಂಥ ಪ್ರಸಂಗಗಳಿಗೆ ಮಾರುಕಟ್ಟೆಯೂ ಇದೆಯೆಂಬುದು ತಿಳಿಯುತ್ತದೆ. ಇನ್ನೊಂದೆಡೆ, ಅಮೆರಿಕದ ಗುಪ್ತಚರ ಸಂಸ್ಥೆ ಕ್ಯೂಬಾದ ನಾಯಕ ಫಿಡೆಲ್ ಕಾಸ್ಟ್ರೋಗೆ ಸಿಡಿಯುವ ಸಿಗಾರು ಕಳುಹಿಸಿತೆಂಬುದು ಜನಪ್ರಿಯ ನಗೆಕತೆ. ಸೆನೆಟ್ಟಿನ ಚರ್ಚ್ ಸಮಿತಿ 1975ರಲ್ಲಿ ಬಯಲಿಗೆ ತಂದದ್ದು ಇನ್ನೂ ಘೋರವಾದದ್ದು: 1960ರಲ್ಲಿ ಕಾಸ್ಟ್ರೋಗೆ ಪ್ರಿಯವಾದ ಸಿಗಾರುಗಳ ಪೆಟ್ಟಿಗೆಯೊಂದಕ್ಕೆ ಬಾಟುಲಿನಮ್ ಎಂಬ ಮಾರಕ ವಿಷವನ್ನು ಲೇಪಿಸಲಾಗಿತ್ತು; ಬಾಯಿಗಿಟ್ಟರೆ ಸಾಕು, ಪ್ರಾಣ ಹೋಗುವಷ್ಟು ಅದು ತೀಕ್ಷ್ಣವಾಗಿತ್ತು. ನಗೆಕತೆ ಪ್ರಚಾರದಲ್ಲಿದ್ದುದರಿಂದ ನಿಜವಾದ ಕೊಲೆಯ ಸಂಚೂ ಅದರ ಸಾಲಿಗೇ ಸೇರಿ ಹಗುರವಾಗಿ ಕಾಣುವ ಅಪಾಯವಿದೆ.

ಮಹಾಪುರುಷರ ಕೈಗಳನ್ನೇ ನೋಡುವ ಈ ಕತೆಗಳು ಮರೆಸಿದ ದೊಡ್ಡ ಇತಿಹಾಸವೆಂದರೆ ಸಿಗಾರು ಸುತ್ತಿದ ಕೈಗಳದು. ಹವಾನಾದ ಎಲ್ ಫಿಗಾರೊ ಕಾರ್ಖಾನೆಯಲ್ಲಿ 1865ರಲ್ಲಿ ಓದುಗನ ಪದ್ಧತಿ ಆರಂಭವಾಯಿತು. ಓದುಗನೆಂದರೆ, ನೂರಾರು ಮಂದಿ ಸಾಲಾಗಿ ಕುಳಿತು ಮೌನವಾಗಿ ಎಲೆ ಸುತ್ತುವಾಗ ಎತ್ತರದ ಪೀಠದಲ್ಲಿ ಕುಳಿತು ಅವರಿಗೆ ಪತ್ರಿಕೆಗಳನ್ನೂ ಕಾದಂಬರಿಗಳನ್ನೂ ಗಟ್ಟಿಯಾಗಿ ಓದಿ ಹೇಳುವವನು. ಅವನಿಗೆ ಸಂಬಳ ಕೊಡುತ್ತಿದ್ದುದು ಮಾಲೀಕರಲ್ಲ, ತಮ್ಮ ಕೂಲಿಯಲ್ಲಿ ಪಾಲು ಹಾಕಿಕೊಂಡ ಕೆಲಸಗಾರರು. ಓದಿನಿಂದ ಅಸಮಾಧಾನ ಹುಟ್ಟುತ್ತದೆಂದು ಸ್ಪೇನಿನ ವಸಾಹತು ಆಡಳಿತ ಮರುವರ್ಷವೇ ಅದನ್ನು ನಿಷೇಧಿಸಿತು. ಪದ್ಧತಿಯು ವಲಸಿಗರೊಂದಿಗೆ ಫ್ಲಾರಿಡಾದ ಕೀ ವೆಸ್ಟ್ ಮತ್ತು ಟ್ಯಾಂಪಾಗಳಿಗೆ ದಾಟಿತು, ಕ್ಯೂಬಾದಲ್ಲಿಯೂ ಮತ್ತೆ ಚಿಗುರಿತು. ಕ್ಯೂಬಾದ ನಾಯಕ ಹೊಸೆ ಮಾರ್ಟಿ ತನ್ನ ನಾಡಿನ ಸ್ವಾತಂತ್ರ್ಯ ಹೋರಾಟಕ್ಕೆ ಬೆಂಬಲ ಮತ್ತು ಹಣ ಕೂಡಿಸಿದ್ದು ಈ ಕೆಲಸಗಾರರಿಂದ. 1895ರ ಜನವರಿ 29ರಂದು ಅವನು ಹೊರಡಿಸಿದ ದಂಗೆಯ ಆದೇಶವು ಟ್ಯಾಂಪಾದಲ್ಲಿ ಸುತ್ತಿದ ಸಿಗಾರೊಂದರೊಳಗೆ ಅಡಗಿ ಹವಾನಾ ತಲುಪಿತೆಂಬುದು ಅಲ್ಲಿಯ ಪರಂಪರೆಯ ಮಾತು. ಆದೇಶವೂ, ಫೆಬ್ರವರಿ 24ರಂದು ಎದ್ದ ದಂಗೆಯೂ ನಿರ್ವಿವಾದ. ಸಿಗಾರಿನ ವಿವರಕ್ಕೆ ಬಾಯಿಮಾತೇ ಮುಖ್ಯ ಆಧಾರ. ಆದರೂ ಈ ಕತೆಗೆ ವಿಶೇಷ ಗೌರವ ಸಲ್ಲಬೇಕು, ಏಕೆಂದರೆ ಸಿಗಾರು ಕತೆಗಳ ಇಡೀ ಭಂಡಾರದಲ್ಲಿ ಸುತ್ತುವವನ ಕುಶಲತೆಯೇ ನಾಯಕಸ್ಥಾನದಲ್ಲಿರುವ ಕತೆಗಳು ಅತಿ ವಿರಳ.

ಇಂಥ ಪ್ರಸಂಗಗಳನ್ನು ಪರಿಶೀಲಿಸಲು ಮೂರು ಪ್ರಶ್ನೆಗಳು ಸಾಕಾಗುತ್ತವೆ: ಕತೆ ಮೊದಲು ಬರವಣಿಗೆಗೆ ಬಂದದ್ದು ಯಾವಾಗ, ಹೇಳಿದವನಿಗೆ ಅದರಿಂದ ಆದ ಪ್ರಯೋಜನವೇನು, ಅದೇ ಕತೆ ಇನ್ನೊಬ್ಬನ ಹೆಸರಿನಲ್ಲಿಯೂ ಇದೆಯೇ. ಹೆರೆಸನ ಸೆರೆವಾಸ ಮತ್ತು ಕ್ಯಾಥರೀನಳ ಪಟ್ಟಿ ಕಾಲಗಣನೆಯಲ್ಲಿಯೇ ಸೋಲುತ್ತವೆ. ಬಿಸ್ಮಾರ್ಕ್ ಮತ್ತು ಸ್ಯಾಲಿಂಜರರ ಪ್ರಸಂಗಗಳು ಎರಡನೆಯದರಲ್ಲಿ ತೊಡಕಿಗೆ ಸಿಲುಕುತ್ತವೆ. ರ‍್ಯಾಲಿ ಮತ್ತು ಚರ್ಚಿಲ್ಲರ ಹೆಸರಿನ ನಗೆಕತೆಗಳು ಮೂರನೆಯದರಲ್ಲಿ ಬಿದ್ದುಹೋಗುತ್ತವೆ. ಬಿದ್ದುಹೋದವನ್ನು ಎಸೆಯಬೇಕಾಗಿಲ್ಲ. ಪ್ರತಿ ಕತೆಯೂ ತಾನು ಹುಟ್ಟಿದ ಕಾಲದ ಹಂಬಲವನ್ನು ಹೊತ್ತಿರುವುದರಿಂದ, ಹುಟ್ಟಿದ ವರ್ಷವನ್ನು ಪಕ್ಕದಲ್ಲಿ ಬರೆದು ಅದನ್ನು ಮುದ್ರಿಸುವುದೇ ಇತಿಹಾಸಕಾರನಿಗೆ ಒಪ್ಪುವ ಕ್ರಮ. ಹಾಗೆ ಮಾಡಿದಾಗ ಫ್ರಾಯ್ಡನದೆಂಬ ಮಾತು 1950ರ ಅಮೆರಿಕದ ಚರಿತ್ರೆಯಾಗುತ್ತದೆ, ಕೆನಡಿಯ ಸಿಗಾರು 1990ರ ದಶಕದ ವಿಲಾಸೀ ಮಾರುಕಟ್ಟೆಯ ಚರಿತ್ರೆಯಾಗುತ್ತದೆ, ಮತ್ತು ಓದುಗರಿಗೆ ನಗುವ ಹಕ್ಕೂ ನಿಜವನ್ನು ತಿಳಿಯುವ ಹಕ್ಕೂ ಒಟ್ಟಿಗೇ ಉಳಿಯುತ್ತವೆ.